ಪುಸ್ತಕದ ಬಡ್ಡಿ, ಊರಿನ ಬಡ್ಡಿ: ಮಕ್ಕಳಿಗೆ ಹೇಗೆ ಹೇಳಿಕೊಡೋದು?

ಬ್ಯಾಡಗಿ ಅಕ್ಕ:
ಮಗಳು ಎಂಟನೇ ತರಗತಿ. ಚಕ್ರಬಡ್ಡಿ ಲೆಕ್ಕ ಪಟಪಟ ಮಾಡುತ್ತಾಳೆ. ಮೊನ್ನೆ ಮೆಣಸಿನಕಾಯಿ ಮಾರಿದ ದುಡ್ಡು ಬಂತು, ಅವರಪ್ಪ ಸಾಲ ತೀರಿಸೋ ಲೆಕ್ಕ ಹಾಕುತ್ತಿದ್ದರು. ‘ನೂರಕ್ಕೆ ಎರಡು ರೂಪಾಯಿ ಬಡ್ಡಿ, ವರ್ಷಕ್ಕೆ ಎಷ್ಟವ್ವಾ?’ ಅಂತ ಕೇಳಿದೆ. ‘ಎರಡೇ ರೂಪಾಯಿ’ ಅಂದಳು! ಅವರಪ್ಪ ಬೇರೆ, ‘ದುಡ್ಡಿನ ಮಾತು ನಿನಗ್ಯಾಕೆ, ಓದ್ಕೋ ಹೋಗು’ ಅಂದರು. ಇನ್ನೆಲ್ಲಿ ಕಲಿಯಬೇಕು ಹುಡುಗಿ?

ಗದಗ ಮೇಷ್ಟ್ರು:
ಅಕ್ಕಾರ, ತಪ್ಪು ಹುಡುಗಿಯದಲ್ಲ. ಪುಸ್ತಕದ ಬಡ್ಡಿ ಹೆಚ್ಚಾಗಿ ವರ್ಷದ್ದು, ಊರಿನ ಬಡ್ಡಿ ತಿಂಗಳದ್ದು. 10,000 ಸಾಲಕ್ಕೆ ತಿಂಗಳಿಗೆ 200, ವರ್ಷಕ್ಕೆ 2,400. ಅಂದರೆ ಶೇಕಡಾ 24. ಕಟ್ಟದೆ ತಿಂಗಳು ತಿಂಗಳು ಅಸಲಿಗೆ ಸೇರಿಸಿದರೆ ಸುಮಾರು 2,682. ನಾನು ಇದನ್ನೇ ಬೋರ್ಡ್ ಮೇಲೆ ಬರೆಸುತ್ತೇನೆ. ನಮ್ಮ ಶಾಲೆಯ ಮಕ್ಕಳ ಸಂತೆಯಲ್ಲಿ ಒಬ್ಬ ಹುಡುಗ ಹಿತ್ತಲ ಕೊತ್ತಂಬರಿ ಮಾರಿ ‘ಎಲ್ಲಾ ಲಾಭ ಸರ್’ ಅಂದ. ‘ನೀರು ಹಾಕಿದ ನಿಮ್ಮವ್ವನ ಕೂಲಿ ಯಾರು ಕೊಡ್ತಾರಲೇ?’ ಅಂದೆ. ತಲೆ ಕೆರೆದುಕೊಂಡು ನಿಂತ.

ಹುಬ್ಬಳ್ಳಿ ವಿದ್ಯಾನಗರ:
ಹತ್ತು ವರ್ಷ ದಾಟಿದ ಮಕ್ಕಳಿಗೆ ತಾವೇ ಉಳಿತಾಯ ಖಾತೆ ನಡೆಸಲು ಬಿಡಬಹುದು ಅಂತ ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ. ಖಾತೆ ತೆರೆಸಿ ನೋಡ್ರಿ. ಪಾಸ್‌ಬುಕ್ ಎಂಟ್ರಿ ಅವಳೇ ಮಾಡಿಸಿಕೊಂಡು ಬರಲಿ, ನೀವು ಸುಮ್ನೆ ಹಿಂದೆ ನಿಲ್ಲಿ.

ಬ್ಯಾಡಗಿ ಅಕ್ಕ:
ಖಾತೆ ತೆರೆಸುತ್ತೇನೆ ಸರ್. ಆದರೆ ಸಾಲದ ಚೀಟಿ ತೋರಿಸೋಕೆ ಅವರಪ್ಪ ಒಪ್ಪಬೇಕಲ್ವಾ?

ಗದಗ ಮೇಷ್ಟ್ರು:
ಚೀಟಿ ಬಿಡ್ರಿ. ಮನೆಯಲ್ಲಿ ಬಂಗಾರದ ಸಾಲದ ರಸೀದಿ ಇದ್ದರೆ ಅದನ್ನೇ ಕೊಡಿ. ಬಡ್ಡಿ ತಿಂಗಳಿಗೋ ವರ್ಷಕ್ಕೋ, ಅವಳೇ ಹುಡುಕಲಿ.