ಹಳೆಯ ಟಿವಿಗೆ ಡಿಜಿಟಲ್ ಸಂಪರ್ಕ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ದೂರದರ್ಶನದ ಅನಲಾಗ್ ಪ್ರಸಾರ ನಿಂತ ಮೇಲೆ ಕುಷ್ಟಗಿ ಹತ್ತಿರದ ನಮ್ಮೂರ ಮನೆಯಲ್ಲಿ ಮೂಲೆ ಸೇರಿದ್ದ ಪಿಕ್ಚರ್ ಟ್ಯೂಬ್ ಟಿವಿಯನ್ನು, ಚಂದನ ವಾಹಿನಿಯ ಕೃಷಿ ಕಾರ್ಯಕ್ರಮಗಳನ್ನು ತಪ್ಪದೆ ನೋಡುತ್ತಿದ್ದ ತಂದೆಯವರಿಗಾಗಿ ಮತ್ತೆ ಬಳಕೆಗೆ ತರಬೇಕೆಂದಿದ್ದೇನೆ. ತಿಂಗಳ ಶುಲ್ಕವಿಲ್ಲದ ಡಿಡಿ ಫ್ರೀ ಡಿಶ್ ನಮಗೆ ಸಾಕು. ಆದರೆ ಈ ಟಿವಿಯ ಹಿಂಬದಿಯಲ್ಲಿ ಹಳದಿ, ಬಿಳಿ, ಕೆಂಪು ಬಣ್ಣದ ಎವಿ ಕಿಂಡಿಗಳಿಲ್ಲ, ಆಂಟೆನಾ ತಂತಿ ಸಿಕ್ಕಿಸುವ ಒಂದೇ ಕಿಂಡಿಯಿದೆ. ಹೀಗಾಗಿ ಸೆಟ್ ಟಾಪ್ ಬಾಕ್ಸ್ ಜೊತೆಗೆ ಆರ್‌ಎಫ್ ಮಾಡ್ಯುಲೇಟರ್ (ಬಾಕ್ಸಿನಿಂದ ಬರುವ ಚಿತ್ರ, ಧ್ವನಿಯನ್ನು ಆಂಟೆನಾ ಕಿಂಡಿಗೆ ಹೊಂದುವಂತೆ ಬದಲಿಸುವ ಸಾಧನ) ಕೂಡ ಬೇಕು. ಕೊಪ್ಪಳ, ಗಂಗಾವತಿ ಅಥವಾ ಸಿಂಧನೂರಿನಲ್ಲಿ ಅದು ಎಲ್ಲಿ ಸಿಗುತ್ತದೆ? ಫ್ರೀ ಡಿಶ್ ವಾಹಿನಿಗಳನ್ನು ಬಿತ್ತರಿಸುವ ಜೀಸ್ಯಾಟ್-15 ಉಪಗ್ರಹವು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವುದರಿಂದ ನಮ್ಮ ಭಾಗದಲ್ಲಿ ಡಿಶ್ ಆಗ್ನೇಯಕ್ಕೆ ಮುಖ ಮಾಡಬೇಕು, ಅಲ್ಲಿಯೇ ದೊಡ್ಡ ಬೇವಿನ ಮರವಿದೆ (ಅದರ ಟೊಂಗೆ ಕಡಿಸಲು ಮನಸ್ಸಿಲ್ಲ). ಮಾಳಿಗೆಯ ಯಾವ ಮೂಲೆಯಲ್ಲಿ ಕೂರಿಸಿದರೆ ಮರ ಅಡ್ಡ ಬಾರದು ಎಂಬುದನ್ನು ಬಂದು ನೋಡಿ ಹೇಳಬಲ್ಲ ಕೆಲಸಗಾರರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.