ಸ್ಟಾರ್ಟ್ ಆದ ಕೂಡಲೇ ‘ಆಫ್’: ಯಾವ ಪದ ಬಳಸಬೇಕು?

ಪ್ರಶ್ನೆ (ಉಡುಪಿ): ಮಳೆಗಾಲವಿಡೀ ಶೆಡ್ಡಿನಲ್ಲಿ ನಿಲ್ಲಿಸಿಟ್ಟ ಸ್ಪೋರ್ಟ್ಸ್ ಕಾರುಗಳ ಮಾಲಕರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ತಯಾರಾಗುತ್ತಿದೆ. ಸೆಲ್ಫ್ ಹೊಡೆದಾಗ ಇಂಜಿನ್ ಹಿಡಿದು ಮರುಕ್ಷಣ ನಿಂತುಬಿಡುವುದಕ್ಕೆ ‘ಆಫ್ ಆಗುವುದು’, ‘ಬಂದ್ ಬೀಳುವುದು’, ‘ಸ್ಲೋ ನಿಲ್ಲದಿರುವುದು’ ಇವುಗಳಲ್ಲಿ ಯಾವುದು ಸರಿ? ‘ಹಳಸಿದ ಪೆಟ್ರೋಲ್’ ಅನ್ನಬಹುದೇ?

ಉತ್ತರ (ಮಂಗಳೂರು): ‘ಆಫ್ ಆಗುವುದು’ ಇರಲಿ, ಗ್ಯಾರೇಜಿನಲ್ಲಿ ಎಲ್ಲರೂ ಹೇಳುವುದು ಅದನ್ನೇ. ಆದರೆ ಯಾವಾಗ ಆಫ್ ಆಗ್ತದೆ ಎಂದು ಜತೆಗೆ ಬರೆಯದಿದ್ದರೆ ಮೆಕ್ಯಾನಿಕ್‌ಗೆ ಅದರಿಂದ ಪ್ರಯೋಜನವಿಲ್ಲ. ದೋಷ ಎಲ್ಲಿದೆ ಎಂದು ತಿಳಿಯುವುದೇ ಆ ಹೊತ್ತಿನಿಂದ.

ಕೀ ಬಿಟ್ಟ ಕ್ಷಣವೇ ಆಫ್ ಆದರೆ ಸಂಶಯ ಕರೆಂಟಿನ ಮೇಲೆ. ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ಭಾಗ) ಇರುವ ಹಳೆಯ ಗಾಡಿಗಳಲ್ಲಿ ಸೆಲ್ಫ್ ತಿರುಗುವಾಗ ಕಿಡಿ ಕೊಡುವ ಕಾಯಿಲ್‌ಗೆ ಕರೆಂಟ್ ರೆಸಿಸ್ಟರ್ ಬಿಟ್ಟು ಬೇರೆ ದಾರಿಯಿಂದ ಹೋಗುತ್ತದೆ. ರೆಸಿಸ್ಟರ್ ಸುಟ್ಟಿದ್ದರೆ ಕೀ ಹಿಂದಕ್ಕೆ ಬಂದ ತಕ್ಷಣ ಕಿಡಿ ನಿಲ್ಲುತ್ತದೆ. ಬಾಷ್ ಕಂಪನಿಯ ಎಲ್-ಜೆಟ್ರಾನಿಕ್ ಎಂಬ ಪೆಟ್ರೋಲ್ ಇಂಜೆಕ್ಷನ್ ವ್ಯವಸ್ಥೆಯ ಹಳೆಯ ಮಾದರಿಗಳಲ್ಲಿ ಗಾಳಿ ಅಳೆಯುವ ಮೀಟರಿನ ಒಳಗೇ ಪೆಟ್ರೋಲ್ ಪಂಪಿನ ಸ್ವಿಚ್ ಇರುತ್ತದೆ. ತುಂಬ ದಿನ ನಿಂತು ಮೀಟರಿನೊಳಗಿನ, ಗಾಳಿಗೆ ತೆರೆದುಕೊಳ್ಳುವ ರೆಕ್ಕೆ ಅಂಟಿಕೊಂಡರೆ ಪಂಪ್ ಸೆಲ್ಫ್ ಹೊಡೆಯುವಷ್ಟು ಹೊತ್ತು ಮಾತ್ರ ಓಡುತ್ತದೆ. ಏರ್ ಫಿಲ್ಟರ್ ಬಿಚ್ಚಿ ರೆಕ್ಕೆಯನ್ನು ಬೆರಳಿನಿಂದ ಮೆಲ್ಲ ಒತ್ತಿ ನೋಡಿ, ಅದು ಎಲ್ಲಿಯೂ ಸಿಕ್ಕಿಕೊಳ್ಳಬಾರದು. ಫಿಲ್ಟರ್ ಪೆಟ್ಟಿಗೆಯಲ್ಲಿ ಇಲಿ ಗೂಡು ಕಟ್ಟಿದ್ದರೂ ಆಗಲೇ ಗೊತ್ತಾಗುತ್ತದೆ.

ಒಂದೆರಡು ಸೆಕೆಂಡು ಸರಿಯಾಗಿ ಓಡಿ, ಪ್ರತಿ ಸಲವೂ ಅಷ್ಟೇ ಹೊತ್ತಿಗೆ ಆಫ್ ಆದರೆ ಮೊದಲು ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಇಂಜಿನ್ ಓಡಗೊಡದ ಕಳ್ಳತನ ತಡೆ) ನೋಡಿ. ಫೋಕ್ಸ್‌ವ್ಯಾಗನ್, ಆಡಿ ಬಳಗದ ಹಲವು ಕಾರುಗಳು ಕೀಯ ಚಿಪ್ ಗುರುತಿಸದಿದ್ದಾಗ ಹೀಗೆಯೇ ಮಾಡುತ್ತವೆ. ಡ್ಯಾಶ್‌ಬೋರ್ಡಿನ ಕೀ ದೀಪ ಮಿನುಗುತ್ತಿದ್ದರೆ ಎರಡನೇ ಕೀಯಿಂದ ಪ್ರಯತ್ನಿಸಿ. ಅದಕ್ಕೂ ಮೊದಲು ಬ್ಯಾಟರಿ ಅಳೆಯಿರಿ: ನಿಂತ ಗಾಡಿಯಲ್ಲಿ 12.6 ವೋಲ್ಟ್ ಇರಬೇಕು, 12.4ಕ್ಕಿಂತ ಇಳಿದಿದ್ದರೆ ಚಾರ್ಜ್ ಮಾಡಿಯೇ ಮುಂದಿನ ಮಾತು.

‘ಸ್ಲೋ ನಿಲ್ಲುವುದಿಲ್ಲ’ ಬೇರೆಯೇ ದೂರು, ಅದನ್ನು ‘ಆಫ್’ ಜತೆ ಬೆರೆಸಬೇಡಿ. ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿದರೆ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ ಎಂದಾದರೆ ಈ ಮಾತು. ಆಗ ನೋಡಬೇಕಾದದ್ದು ಐಡಲ್ ವಾಲ್ವ್ (ಆಕ್ಸಿಲರೇಟರ್ ಬಿಟ್ಟಾಗ ಗಾಳಿ ಕೊಡುವ ವಾಲ್ವ್), ಥ್ರಾಟಲ್ ಬಾಡಿಯ (ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲಿನ) ಕಾರ್ಬನ್, ಇಲಿ ಕಡಿದ ಅಥವಾ ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪು.

ಒತ್ತಿ ಹಿಡಿದರೂ ಉಸಿರು ಕಟ್ಟಿದಂತೆ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ. ಇಗ್ನಿಷನ್ ಆನ್ ಮಾಡಿದಾಗ ಹೆಚ್ಚಿನ ಇಂಜೆಕ್ಷನ್ ಗಾಡಿಗಳಲ್ಲಿ ಟ್ಯಾಂಕಿನ ಕಡೆಯಿಂದ ಸುಮಾರು 2 ಸೆಕೆಂಡು ಪಂಪಿನ ಸದ್ದು ಕೇಳಬೇಕು. ಸದ್ದಿದ್ದರೂ ಸಾಲದು, ಫ್ಯೂಯಲ್ ರೈಲಿಗೆ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಗೆ) ಒತ್ತಡದ ಗೇಜ್ ಹಾಕಿ. ಸಾಮಾನ್ಯ ಪೋರ್ಟ್ ಇಂಜೆಕ್ಷನ್‌ನಲ್ಲಿ (ಸಿಲಿಂಡರಿನ ಹೊರಗೆ ಗಾಳಿಯ ದಾರಿಯಲ್ಲೇ ಪೆಟ್ರೋಲ್ ಚಿಮ್ಮಿಸುವ ಬಗೆ) 3ರಿಂದ 4 ಬಾರ್ ಒತ್ತಡ ಇರುತ್ತದೆ; ನಿಖರ ಅಂಕಿಗೆ ಆಯಾ ಗಾಡಿಯ ಸರ್ವಿಸ್ ಪುಸ್ತಕ ನೋಡಿ. ಇಂಜಿನ್ ನಿಲ್ಲುವುದಕ್ಕೆ ಮೊದಲೇ ಗೇಜಿನ ಮುಳ್ಳು ಕೆಳಗೆ ಬಿದ್ದರೆ ಪೆಟ್ರೋಲ್ ಫಿಲ್ಟರ್, ಪಂಪ್, ರಿಲೇ (ಪಂಪಿಗೆ ಕರೆಂಟ್ ಕೊಡುವ ಸ್ವಿಚ್) ಈ ಕ್ರಮದಲ್ಲಿ ಹುಡುಕಿ. ಪೈಪ್ ಬಿಚ್ಚುವ ಮೊದಲು ಒತ್ತಡ ಇಳಿಸುವುದನ್ನು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿ, ಬೆಂಕಿಯ ಅಪಾಯವಿದೆ.

‘ಹಳಸಿದ’ ಅನ್ನ ಸಾರಿಗೆ ಹೇಳುವ ಮಾತಾದರೂ ಇಲ್ಲಿ ಒಪ್ಪುತ್ತದೆ. ಹಳೆಯ ಪೆಟ್ರೋಲಿಗೆ ವಾರ್ನಿಶಿನಂಥ ಹುಳಿ ವಾಸನೆ ಬರುತ್ತದೆ. ಆದರೆ ನೀರು ಸೇರಿದ ಪೆಟ್ರೋಲನ್ನು ಹಾಗೆ ಕರೆಯಬೇಡಿ. ಶೇ. 20 ಎಥೆನಾಲ್ ಇರುವ ಪೆಟ್ರೋಲ್ ನಮ್ಮ ಕರಾವಳಿಯ ಗಾಳಿಯಿಂದ ತೇವ ಹೀರುತ್ತದೆ. ನೀರು ಹೆಚ್ಚಾದರೆ ಎಥೆನಾಲೂ ನೀರೂ ಕೂಡಿ ತಳಕ್ಕೆ ಇಳಿಯುತ್ತವೆ, ಪಂಪ್ ಎಳೆಯುವುದು ಆ ತಳದ್ದನ್ನೇ. ಇದಕ್ಕೆ ‘ನೀರು ಬಿಟ್ಟ ಪೆಟ್ರೋಲ್’ ಎನ್ನಿ. ಗಾಜಿನ ಬಾಟಲಿಗೆ ಅರ್ಧ ಲೀಟರ್ ತೆಗೆದು ಒಂದು ಗಂಟೆ ಅಲುಗಾಡಿಸದೆ ಇಟ್ಟರೆ ಎರಡು ಪದರ ಕಾಣುತ್ತದೆ. ಅದರ ಮೇಲೆ ಹೊಸ ಪೆಟ್ರೋಲ್ ಸುರಿದರೆ ಸರಿಹೋಗದು, ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು.

‘ಬಂದ್ ಬೀಳುವುದು’ ದಾರಿ ಮಧ್ಯೆ ಓಡುತ್ತಿದ್ದ ಗಾಡಿ ನಿಂತದ್ದಕ್ಕೆ ಇರಲಿ.