ಕೊಲ್ಲಿ, ಖಾರಿ: ಎರಡು ಪದ ಬೇಕೇ, ಒಂದೇ ಸಾಕೇ?

ಗೆಳೆಯರೇ,

ಸಾಮಾನ್ಯ ಜ್ಞಾನದ ಪ್ರಶ್ನೆಗಳನ್ನು ಕನ್ನಡಕ್ಕೆ ತರುವಾಗ ಪದೇ ಪದೇ ಎಡವುವ ಒಂದು ಜಾಗ ಇದೆ. ‘ಜಗತ್ತಿನ ಅತಿ ದೊಡ್ಡ ಕೊಲ್ಲಿ ಯಾವುದು?’ ಒಂದು ಕಡೆ ಉತ್ತರ ಬಂಗಾಳ ಕೊಲ್ಲಿ ಎಂದಿರುತ್ತದೆ. ಇನ್ನೊಂದು ಕಡೆ ಮೆಕ್ಸಿಕೋ ಕೊಲ್ಲಿ ಎಂದಿರುತ್ತದೆ. ಓದುವವರು ಯಾವುದನ್ನು ನೆನಪಿಟ್ಟುಕೊಳ್ಳಬೇಕು?

ಮೂಲ ಇಂಗ್ಲಿಷಿನಲ್ಲಿ ಇವು ಎರಡು ಬೇರೆ ಪ್ರಶ್ನೆಗಳು. ಅತಿ ದೊಡ್ಡ ‘ಬೇ’ ಬಂಗಾಳದ್ದು, ಅತಿ ದೊಡ್ಡ ‘ಗಲ್ಫ್’ ಮೆಕ್ಸಿಕೋದ್ದು. ನಾವು ಎರಡಕ್ಕೂ ಕೊಲ್ಲಿ ಎಂದೇ ಬರೆಯುತ್ತೇವೆ. ಹಾಗಾಗಿ ಪ್ರಶ್ನೆ ಒಂದಾಗಿಬಿಡುತ್ತದೆ, ಉತ್ತರ ಮಾತ್ರ ಎರಡೇ ಉಳಿಯುತ್ತದೆ. ಬರೀ ವಿಸ್ತೀರ್ಣ ನೋಡುವುದಾದರೆ ತಕರಾರೇ ಇಲ್ಲ. ಬಂಗಾಳ ಕೊಲ್ಲಿ ಸುಮಾರು 22 ಲಕ್ಷ ಚದರ ಕಿ.ಮೀ., ಮೆಕ್ಸಿಕೋ ಕೊಲ್ಲಿ ಸುಮಾರು 16 ಲಕ್ಷ. (ಅಮೆರಿಕ ಸರ್ಕಾರ 2025ರಿಂದ ಇದನ್ನು ಅಮೆರಿಕ ಕೊಲ್ಲಿ ಎನ್ನುತ್ತಿದೆ. ಆ ಜಗಳ ಬೇರೆ, ಇಲ್ಲಿ ಬೇಡ.) ಅಂದರೆ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಬಂಗಾಳ ಕೊಲ್ಲಿ ಒಂದೇ ಸರಿಯುತ್ತರ. ಮೆಕ್ಸಿಕೋ ಎಂದು ಅಚ್ಚಾದ ಕಡೆಯೆಲ್ಲ ಅನುವಾದವೇ ಉತ್ತರವನ್ನು ಕೆಡಿಸಿದೆ.

ಹಾಗಾದರೆ ಎರಡಕ್ಕೂ ಬೇರೆ ಬೇರೆ ಪದ ಇಟ್ಟುಕೊಳ್ಳಬೇಕಲ್ಲವೇ ಎನ್ನುತ್ತೀರಿ. ಪಠ್ಯಪುಸ್ತಕದ ಭಾಷೆ ಅದನ್ನು ಅರ್ಧ ಮಾಡಿಯೂ ಇದೆ. ‘ಮನ್ನಾರ್ ಖಾರಿ ಮತ್ತು ಪಾಕ್ ಜಲಸಂಧಿ ಭಾರತವನ್ನು ಶ್ರೀಲಂಕಾದಿಂದ ಬೇರ್ಪಡಿಸುತ್ತವೆ’ ಎಂಬ ಥರದ ವಾಕ್ಯ ಶಾಲೆಯಲ್ಲಿ ಓದಿದ ನೆನಪು ಹಲವರಿಗೆ ಇರಬಹುದು. ಕಚ್ ಖಾರಿ, ಖಂಭಾತ್ ಖಾರಿ ಎಂದೂ ಬರೆಯುವವರಿದ್ದಾರೆ. ಅಂದರೆ ‘ಗಲ್ಫ್’ಗೆ ಖಾರಿ, ‘ಬೇ’ಗೆ ಕೊಲ್ಲಿ. ಆದರೆ ಇದೇ ಲೆಕ್ಕ ಹಿಡಿದರೆ ಪರ್ಷಿಯನ್ ಖಾರಿ, ಖಾರಿ ಯುದ್ಧ, ಖಾರಿ ರಾಷ್ಟ್ರಗಳು ಎನ್ನಬೇಕಾಗುತ್ತದೆ. ಯಾರೂ ಹಾಗೆ ಅನ್ನುವುದಿಲ್ಲ. 1991ರ ಯುದ್ಧವನ್ನು ಪತ್ರಿಕೆಗಳು ಕೊಲ್ಲಿ ಯುದ್ಧ ಎಂದೇ ಬರೆದವು. ಕೆಲಸ ಹುಡುಕಿಕೊಂಡು ಅಲ್ಲಿಗೆ ಹೋಗುವವರು ಕೊಲ್ಲಿ ಎನ್ನುತ್ತಾರೆ, ಇಲ್ಲ ನೇರವಾಗಿ ಗಲ್ಫ್ ಎನ್ನುತ್ತಾರೆ. ಖಾರಿ ಅನ್ನುವುದು ಪಾಠದ ಪುಟ ಬಿಟ್ಟು ಹೊರಗೆ ಬಂದಂತೆ ಕಾಣುವುದಿಲ್ಲ.

ನೆರೆಯ ನುಡಿಗಳು ಇದನ್ನು ಹೇಗೆ ನಿಭಾಯಿಸಿವೆ ಎಂದು ನೋಡಿದರೆ ಕುತೂಹಲ ಇನ್ನೂ ಜಾಸ್ತಿಯಾಗುತ್ತದೆ. ತಮಿಳಿನಲ್ಲಿ ಚೆಂದದ ಜೋಡಿ ಇದೆ. ಬಂಗಾಳದ್ದು ವಿರಿಕುಡಾ, ಮನ್ನಾರ್ ಮತ್ತು ಪರ್ಷಿಯಾದ್ದು ವಳೈಕುಡಾ. ವಿರಿ ಎಂದರೆ ಹರಡಿಕೊಂಡದ್ದು, ವಳೈ ಎಂದರೆ ಬಾಗಿ ಬಳಸಿದ್ದು. ಹೆಸರು ಕೇಳಿದರೆ ಸಾಕು, ಆಕಾರ ಕಣ್ಣಿಗೆ ಕಟ್ಟುತ್ತದೆ. ಮರಾಠಿಯಲ್ಲಿ ಬಂಗಾಳದ್ದು ಉಪಸಾಗರ, ಖಂಭಾತದ್ದು ಆಖಾತ. ಗಲ್ಫ್ ದೇಶಗಳು ಅವರಿಗೆ ಆಖಾತಿ ದೇಶಗಳು. ಹಿಂದಿಯಲ್ಲಿ ನಮ್ಮ ಹಾಗೆಯೇ, ಎರಡಕ್ಕೂ ಖಾಡಿ. ತೆಲುಗಿನಲ್ಲಿ ಬಂಗಾಳಾಖಾತಂ. ಮರಾಠಿಯವರು ಗಲ್ಫ್‌ಗೆ ಇಟ್ಟ ಆಖಾತ ಪಕ್ಕದ ತೆಲುಗಿನಲ್ಲಿ ‘ಬೇ’ಗೆ ಹೋಗಿ ಕೂತಿದೆ! ಇದನ್ನು ನೋಡಿದರೆ ಈ ಪದಗಳಿಗೆ ಹುಟ್ಟಿನಿಂದಲೇ ಖಚಿತವಾದ ಭೂಗೋಳದ ಅರ್ಥ ಇತ್ತು ಎನ್ನುವುದು ಕಷ್ಟ.

ಇಂಗ್ಲಿಷಿನಲ್ಲಾದರೂ ಖಚಿತತೆ ಇದೆಯೇ? ಶಾಲೆಯ ಉತ್ತರ ಗೊತ್ತೇ ಇದೆ: ಬಾಯಿ ಅಗಲವಾಗಿ ತೆರೆದಿದ್ದರೆ ಬೇ, ಬಾಯಿ ಕಿರಿದಾಗಿ ನೀರು ನೆಲದೊಳಗೆ ಆಳಕ್ಕೆ ನುಗ್ಗಿದ್ದರೆ ಗಲ್ಫ್. ಪರ್ಷಿಯನ್ ಕೊಲ್ಲಿಗೆ ಇದು ಚೆನ್ನಾಗಿ ಹೊಂದುತ್ತದೆ. ಹೋರ್ಮುಜ್ ಜಲಸಂಧಿ ಒಂದೇ ಅದಕ್ಕೆ ಬಾಗಿಲು. ಆದರೆ ಕೆನಡಾದ ಹಡ್ಸನ್ ಬೇ ನೋಡಿ. ಸುಮಾರು 12 ಲಕ್ಷ ಚದರ ಕಿ.ಮೀ. ನೀರು, ಸುತ್ತ ನೆಲ, ಅಟ್ಲಾಂಟಿಕ್ ಕಡೆಗೆ ಹೋಗಲು ಹಡ್ಸನ್ ಜಲಸಂಧಿಯೇ ಮುಖ್ಯ ದಾರಿ. ಲಕ್ಷಣವೆಲ್ಲ ಗಲ್ಫ್‌ನದು, ಹೆಸರು ಬೇ. ಆಫ್ರಿಕಾದ ಪಶ್ಚಿಮದ ಗಿನಿ ಗಲ್ಫ್ ಇದಕ್ಕೆ ತದ್ವಿರುದ್ಧ. ಅದು ಅಟ್ಲಾಂಟಿಕ್ ಕಡೆಗೆ ಪೂರ್ತಿ ತೆರೆದುಕೊಂಡಿದೆ. ಸಮಭಾಜಕ ವೃತ್ತವೂ 0 ಡಿಗ್ರಿ ರೇಖಾಂಶವೂ ಒಂದನ್ನೊಂದು ದಾಟುವುದು ಅಲ್ಲೇ. ಅಲಾಸ್ಕಾ ಗಲ್ಫ್ ಕೂಡ ಹಾಗೇ, ಬಾಗಿಲೇ ಇಲ್ಲದ ಅಂಗಳ.

ನಮ್ಮ ಹತ್ತಿರದ್ದೇ ಉದಾಹರಣೆ ಬೇಕೆಂದರೆ ರಾಮಸೇತುವಿನ ಎರಡು ಬದಿ ನೋಡಬಹುದು. ಧನುಷ್ಕೋಡಿಯಿಂದ ತಲೈಮನ್ನಾರ್ ಕಡೆಗೆ ಹೋಗುವ ಆ ಮರಳ ದಿಬ್ಬಗಳ ಸಾಲಿನ ದಕ್ಷಿಣಕ್ಕೆ ಇರುವುದು ಮನ್ನಾರ್ ಗಲ್ಫ್, ಉತ್ತರಕ್ಕೆ ಇರುವುದು ಪಾಕ್ ಬೇ. ದಕ್ಷಿಣದ್ದು ಹಿಂದೂ ಮಹಾಸಾಗರದ ಕಡೆಗೆ ಅಗಲವಾಗಿ ತೆರೆದಿದೆ, ಆಳವೂ ಜಾಸ್ತಿ. ಉತ್ತರದ್ದು ಆಳವಿಲ್ಲದ್ದು, ಸುತ್ತ ನೆಲ ಇರುವಂಥದ್ದು, ಪಾಕ್ ಜಲಸಂಧಿಯ ಮೂಲಕ ಬಂಗಾಳ ಕೊಲ್ಲಿಗೆ ಸೇರುತ್ತದೆ. ಶಾಲೆಯ ಲೆಕ್ಕ ಹಿಡಿದರೆ ಹೆಸರುಗಳು ಅದಲು ಬದಲಾಗಬೇಕಿತ್ತು. ಅಂದಹಾಗೆ ಈ ಪಾಕ್‌ಗೂ ಪಾಕಿಸ್ತಾನಕ್ಕೂ ಸಂಬಂಧವಿಲ್ಲ. 1763ರಿಂದ 1767ರವರೆಗೆ ಮದರಾಸಿನ ಗವರ್ನರ್ ಆಗಿದ್ದ ರಾಬರ್ಟ್ ಪಾಕ್ ಹೆಸರು ಅದು. ಸುದ್ದಿಯ ತಲೆಬರಹದಲ್ಲಿ ‘ಪಾಕ್ ಜಲಸಂಧಿ’ ನೋಡಿದವರು ಒಂದು ಕ್ಷಣ ತಬ್ಬಿಬ್ಬಾದರೆ ತಪ್ಪು ಅವರದ್ದಲ್ಲ.

ಅಳತೆ ಹಾಕಿ ಹೇಳಿದ ವ್ಯಾಖ್ಯೆ ನನಗೆ ತಿಳಿದಂತೆ ಕಾನೂನಿನಲ್ಲಿದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 10ನೇ ವಿಧಿ ಅದು. ಕರಾವಳಿಯ ಒಳಬಾಗಿನ ಬಾಯಿಗೆ ಅಡ್ಡವಾಗಿ ಗೆರೆ ಎಳೆಯಬೇಕು. ಆ ಗೆರೆಯನ್ನೇ ವ್ಯಾಸ ಮಾಡಿಕೊಂಡು ಅರ್ಧವೃತ್ತ ಬರೆಯಬೇಕು. ಒಳಗಿನ ನೀರಿನ ವಿಸ್ತೀರ್ಣ ಆ ಅರ್ಧವೃತ್ತದಷ್ಟು ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದು ಬೇ. ಇಲ್ಲದಿದ್ದರೆ ಅದು ಬರೀ ಕರಾವಳಿಯ ತಿರುವು. ಈ ವಿಧಿ ಒಂದೇ ದೇಶದ ದಡವಿರುವ ಕಡೆಗೆ ಮಾತ್ರ, ಬಾಯಿಯೂ 24 ನಾಟಿಕಲ್ ಮೈಲಿಗಿಂತ, ಅಂದರೆ ಸುಮಾರು 44 ಕಿ.ಮೀ.ಗಿಂತ ಅಗಲವಿದ್ದರೆ ಪೂರ್ತಿ ಮುಚ್ಚುವ ಗೆರೆ ಎಳೆಯುವಂತಿಲ್ಲ. ಹಲವು ದೇಶಗಳ ದಡ ಮುಟ್ಟುವ ಬಂಗಾಳ ಕೊಲ್ಲಿ ಈ ಲೆಕ್ಕದಲ್ಲಿ ಬೇ ಆಗುವುದೇ ಇಲ್ಲ. ಭಾರತದ ಆಚೆ ಬದಿಯಲ್ಲಿ ಸುಮಾರು 38 ಲಕ್ಷ ಚದರ ಕಿ.ಮೀ.ಯ ನೀರು ಅರಬ್ಬೀ ‘ಸಮುದ್ರ’ ಎನಿಸಿಕೊಂಡಿದೆ, ಈಚೆ ಬದಿಯದ್ದು ಮಾತ್ರ ಕೊಲ್ಲಿ. ಎರಡೂ ಹಿಂದೂ ಮಹಾಸಾಗರದ ಚಾಚುಗಳೇ. ಹೆಸರಿಟ್ಟವರ ಅಭ್ಯಾಸ, ಅಷ್ಟೇ.

ಆದ್ದರಿಂದ ನನ್ನ ಒಲವು ಒಂದೇ ಪದದ ಕಡೆಗೆ. ಕೊಲ್ಲಿ ಎಲ್ಲರಿಗೂ ಗೊತ್ತು, ಬಾಯಿಗೂ ಸುಲಭ. ಬೇ, ಗಲ್ಫ್ ಎಂಬ ಇಂಗ್ಲಿಷ್ ಹೆಸರುಗಳ ಗಡಿಯೇ ಕಲಸಿಹೋಗಿರುವಾಗ, ಅದನ್ನು ಕನ್ನಡದಲ್ಲಿ ಕಾಪಾಡಲು ಖಾರಿಯನ್ನು ಎಳೆದು ತರುವುದು ಸುಮ್ನೆ ಹೊರೆ ಅನಿಸುತ್ತದೆ. ಪ್ರಶ್ನೆಪತ್ರಿಕೆ ಮಾಡುವವರು ‘ಅತಿ ದೊಡ್ಡ ಕೊಲ್ಲಿ’ ಎಂದು ಕೇಳಿ ಬಂಗಾಳ ಕೊಲ್ಲಿ ಎಂದು ಉತ್ತರ ಕೊಡಲಿ. ಮೆಕ್ಸಿಕೋದ್ದನ್ನು ಕೇಳಲೇಬೇಕೆಂದರೆ ‘ಫ್ಲೋರಿಡಾ ಜಲಸಂಧಿಯ ಮೂಲಕ ಅಟ್ಲಾಂಟಿಕ್ ಸೇರುವ ಕೊಲ್ಲಿ ಯಾವುದು’ ಎಂದು ಕೇಳಬಹುದಲ್ವಾ? ಕಲಿಯುವವರಿಗೆ ನಕಾಶೆಯಾದರೂ ತಿಳಿಯುತ್ತದೆ.

ಆದರೂ ನಿಮ್ಮಿಂದ ಕೆಲವು ಮಾತು ತಿಳಿಯಬೇಕು. ಖಾರಿ ಎಂಬುದನ್ನು ಪಠ್ಯದ ಹೊರಗೆ, ಮಾತಿನಲ್ಲಿ ಕೇಳಿದವರು ಇದ್ದೀರಾ? ಕೇಳಿದ್ದರೆ ಯಾವ ಅರ್ಥದಲ್ಲಿ? ಮರಾಠಿಯವರು ಠಾಣೆ ಖಾಡಿ ಎನ್ನುವಂತೆ ಸಮುದ್ರದ ನೀರು ಒಳನುಗ್ಗುವ ಕಿರಿದಾದ ಹರಿವಿಗೆ ಅದು ಬಳಕೆಯಲ್ಲಿದ್ದರೆ, ಅದನ್ನು ಅಲ್ಲೇ ಉಳಿಸಿಕೊಳ್ಳುವುದು ಒಳ್ಳೆಯದು. ಆ ಅರ್ಥಕ್ಕೆ ನಮಗೆ ಪದ ಬೇಕೇ ಬೇಕು. ಇನ್ನೊಂದು, ಆಸ್ಟ್ರೇಲಿಯಾದ ದಕ್ಷಿಣ ತೀರದ ‘ಗ್ರೇಟ್ ಆಸ್ಟ್ರೇಲಿಯನ್ ಬೈಟ್’. ಅದು ಒಳನುಗ್ಗದೆ ಉದ್ದಕ್ಕೆ ಬಾಗಿದ ತೀರ. ಅದಕ್ಕೂ ಕೊಲ್ಲಿ ಎನ್ನಲು ಮನಸ್ಸು ಬರುತ್ತಿಲ್ಲ. ‘ಬಾಗುತೀರ’ ಎಂದರೆ ಕಿವಿಗೆ ಹೇಗೆ ಕೇಳುತ್ತದೆ?